ಎರಡನೆಯದು ಮೊದಲನೆಯದಕ್ಕೆ ಏನು ಮಾಡಿತು?

ನಮ್ಮ ಮನೆಯಲ್ಲಿ ಆಸ್ತಿಗಾಗಿ ಜಗಳ ಆದದ್ದಿಲ್ಲ. ಜಗಳ ಆಡುವಷ್ಟು ಆಸ್ತಿಯೂ ಇರಲಿಲ್ಲ. ಚುನಾವಣೆ ಬಂದಾಗ ಒಂದೆರಡು ದಿನ ಮುಖ ಊದಿಸಿಕೊಂಡು ಓಡಾಡುತ್ತಿದ್ದೆವು, ಅಷ್ಟೇ. ಆದರೆ ನಮಗೆಲ್ಲ ಇಷ್ಟವಾಗಿದ್ದ ಸಿನಿಮಾ ಒಂದರ ಮುಂದಿನ ಭಾಗ ಬರುತ್ತಿದೆ ಎಂದು ಪೇಪರಿನಲ್ಲಿ ಸುದ್ದಿ ಬಿತ್ತೆಂದರೆ ಮನೆ ಒಡೆದು ಪಕ್ಷಗಳಾಗುತ್ತಿತ್ತು. ಅಪ್ಪ ರಾಜ್‌ಕುಮಾರ್ ಕಡೆಯವರು, ನಾನು ವಿಷ್ಣುವರ್ಧನ್ ಕಡೆಯವನು. ಅಕ್ಕ ಯಾರ ಕಡೆಗೂ ಸೇರದೆ, ಅನಂತ್‌ನಾಗ್ ಇದ್ದರೆ ಸಾಕು ಎನ್ನುವವಳು. ಮುಂದೆ ಅಕ್ಕನ ಮಗಳೂ ದೊಡ್ಡವಳಾಗಿ ಈ ಪಂಚಾಯಿತಿಗೆ ಸೇರಿಕೊಂಡಳು. ಅವಳು ಯಾರ ಕಡೆಯವಳೂ ಅಲ್ಲ, ನಮ್ಮೆಲ್ಲರಿಗೂ ಎದುರು ಪಕ್ಷ.

ಅಪ್ಪ ಹೇಳುವ ಪ್ರಕಾರ ಅವರ ಕಾಲದಲ್ಲಿ ಈ ತಕರಾರೇ ಇರಲಿಲ್ಲ. 1968ರಲ್ಲಿ ದೊರೆ-ಭಗವಾನ್ ಜೋಡಿಯ 'ಜೇಡರ ಬಲೆ' ಬಂದಾಗ ಅವರು ಮೈಸೂರಿನಲ್ಲಿ ಕಾಲೇಜು ಓದುತ್ತಿದ್ದರು. ಅಲ್ಲಿಯವರೆಗೆ ಕಿರೀಟ ತೊಟ್ಟ, ಕಚ್ಚೆ ಉಟ್ಟ ರಾಜ್‌ಕುಮಾರ್ ಅವರನ್ನು ನೋಡಿದ್ದ ಹುಡುಗರಿಗೆ ಸೂಟು ಹಾಕಿ ಪಿಸ್ತೂಲು ಹಿಡಿದ ಸಿಐಡಿ 999 ಪ್ರಕಾಶ್‌ನನ್ನು ಕಂಡು ಹುಚ್ಚೇ ಹಿಡಿಯಿತಂತೆ. ಅದೇ ವರ್ಷ 'ಗೋವಾದಲ್ಲಿ ಸಿಐಡಿ 999' ಬಂತು, ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', ಒಂಬತ್ತು ವರ್ಷ ಬಿಟ್ಟು 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ಯಾವುದರ ಹೆಸರಿನಲ್ಲೂ ಭಾಗ ಎರಡು, ಭಾಗ ಮೂರು ಎಂದಿರಲಿಲ್ಲ. ಯಾವುದು ಮೇಲು ಎಂದು ಹಾಸ್ಟೆಲ್ಲಿನಲ್ಲಿ ವಾದ ನಡೆಯುತ್ತಿತ್ತು ನಿಜ, ಆದರೆ ಯಾರೂ ಮನಸ್ಸು ಕೆಡಿಸಿಕೊಳ್ಳುತ್ತಿರಲಿಲ್ಲವಂತೆ.

"ಅದು ಒಂದು ಕೇಸು, ಇದು ಇನ್ನೊಂದು ಕೇಸು ಕಣೋ," ಎನ್ನುತ್ತಿದ್ದರು ಅಪ್ಪ. "ಆ ಫೈಲು ಮುಚ್ಚಿದ ಮೇಲೆ ಈ ಫೈಲು ತೆಗೀತಾರೆ. ಇದು ಕೆಟ್ಟರೆ ಅದಕ್ಕೇನು ನಷ್ಟ?"

ಅಪ್ಪನ ಈ ಮಾತನ್ನು ನಾನು ಬಹಳ ವರ್ಷ ಹಳೆ ಕಾಲದವರ ಧಾರಾಳತನ ಎಂದೇ ತಿಳಿದಿದ್ದೆ. ಆದರೆ ಅದರಲ್ಲಿ ಒಂದು ಲೆಕ್ಕಾಚಾರವಿತ್ತು. ಪತ್ತೇದಾರನ ಕತೆಯಲ್ಲಿ ಪ್ರತಿ ಸಲವೂ ಹೊಸ ಕಳ್ಳ, ಹೊಸ ಊರು. ಗೋವಾದಲ್ಲಿ ಪ್ರಕಾಶ್ ಏನೇ ಮಾಡಲಿ, 'ಜೇಡರ ಬಲೆ'ಯಲ್ಲಿ ಅವನು ಗೆದ್ದದ್ದು ಗೆದ್ದ ಹಾಗೇ ಇರುತ್ತದೆ. ಎರಡನೆಯ ಸಿನಿಮಾ ಮೊದಲನೆಯದರ ಮೈ ಮುಟ್ಟುವುದಿಲ್ಲ. ತೊಂದರೆ ಶುರುವಾಗುವುದು ಮುಗಿದುಹೋದ ಕತೆಯನ್ನು ಮತ್ತೆ ತೆರೆದಾಗ. ಅದು ನನಗೆ ಅರ್ಥವಾದದ್ದು 'ಆಪ್ತಮಿತ್ರ' ಮತ್ತು 'ಆಪ್ತರಕ್ಷಕ'ಗಳಿಂದ.

'ಆಪ್ತಮಿತ್ರ' ಬಂದದ್ದು 2004ರ ಆಗಸ್ಟಿನಲ್ಲಿ. ನಾನಾಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದೆ, ಶನಿವಾರ ಬಂತೆಂದರೆ ಮೈಸೂರಿನ ಬಸ್ಸು ಹತ್ತುತ್ತಿದ್ದೆ. ಅದಕ್ಕೆ ನಾಲ್ಕು ತಿಂಗಳ ಹಿಂದೆ, ಏಪ್ರಿಲ್ 17ರಂದು, ಜಕ್ಕೂರಿನಿಂದ ಹೊರಟ ಸಣ್ಣ ವಿಮಾನ ಬಿದ್ದು ಸೌಂದರ್ಯ ತೀರಿಕೊಂಡಿದ್ದರು. ಚುನಾವಣಾ ಪ್ರಚಾರಕ್ಕೆ ಕರೀಂನಗರಕ್ಕೆ ಹೊರಟಿದ್ದವರು. ಹಾಗಾಗಿ ಆ ಸಿನಿಮಾಕ್ಕೆ ಹೋದವರೆಲ್ಲ ಒಂದು ಬಗೆಯ ಸಂಕಟ ಹೊತ್ತುಕೊಂಡೇ ಹೋಗಿದ್ದೆವು. ಒಳಗೆ ಕೂತ ಮೇಲೆ ಅದು ಮರೆತುಹೋಯಿತು. ಗಂಗಾ ಆಗಿ ನಗುನಗುತ್ತಾ ಮನೆ ತುಂಬ ಓಡಾಡಿಕೊಂಡಿದ್ದ ಹೆಂಗಸು ನಾಗವಲ್ಲಿ ಎಂಬ ಹಳೆಯ ಕಾಲದ ನರ್ತಕಿಯಾಗಿ 'ರಾ ರಾ' ಹಾಡಿಗೆ ಕುಣಿಯುವಾಗ, ಆ ಕಣ್ಣುಗಳನ್ನು ಕಂಡು ಪಕ್ಕದ ಸೀಟಿನ ಅಜ್ಜಿಯೊಬ್ಬರು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಆ ಹೊತ್ತಿನಲ್ಲಿ ಸೌಂದರ್ಯ ತೀರಿಕೊಂಡಿದ್ದಾರೆ ಎಂಬುದು ಯಾರ ತಲೆಯಲ್ಲೂ ಇದ್ದಂತಿರಲಿಲ್ಲ. ದೀಪ ಹತ್ತಿದ ಮೇಲೆ ಎಲ್ಲರಿಗೂ ಒಟ್ಟಿಗೆ ನೆನಪಾಯಿತು.

ಆ ಸಿನಿಮಾ ಗೆದ್ದದ್ದಕ್ಕೆ ಕಾರಣಗಳು ಬೇಕಾದಷ್ಟಿವೆ. ಪಿ. ವಾಸು ಅವರ ನಿರ್ದೇಶನ, ಗುರುಕಿರಣ್ ಅವರ ಸಂಗೀತ, ಸೋಲುಗಳ ಮೇಲೆ ಸೋಲು ಕಂಡಿದ್ದ ನಿರ್ಮಾಪಕ ದ್ವಾರಕೀಶ್ ಹಳೆಯ ಗೆಳೆಯ ವಿಷ್ಣುವರ್ಧನ್ ಅವರನ್ನೇ ನಂಬಿ ಹಣ ಹೂಡಿದ್ದು. ನನಗೆ ಮಾತ್ರ ಮುಖ್ಯವಾದದ್ದು ಅದರ ಕೊನೆ. ಭೂತಬಂಗಲೆ, ಗೆಜ್ಜೆಯ ಸದ್ದು, ಬೀಗ ಹಾಕಿದ ಕೋಣೆ ಎಲ್ಲವನ್ನೂ ತೋರಿಸಿ ಹೆದರಿಸಿದ ಮೇಲೆ ವಿಷ್ಣುವರ್ಧನ್ ಮಾಡಿದ ಡಾಕ್ಟರ್ ವಿಜಯ್ ಬಂದು, ಇಲ್ಲಿ ಯಾವ ದೆವ್ವವೂ ಇಲ್ಲ, ಇರುವುದು ಒಂದು ಕಾಯಿಲೆ ಬಿದ್ದ ಮನಸ್ಸು ಎನ್ನುತ್ತಾನೆ. ಅವನು ದೆವ್ವ ಬಿಡಿಸಲು ಬಂದ ಆಚಾರ್ಯರನ್ನು ಗೇಲಿ ಮಾಡುವುದಿಲ್ಲ, ಜೊತೆಗೆ ಸೇರಿಸಿಕೊಳ್ಳುತ್ತಾನೆ. ಪೂಜೆ, ಮಂಡಲ ಎಲ್ಲವೂ ಚಿಕಿತ್ಸೆಯ ಭಾಗವಾಗುತ್ತವೆ. ನಾಗವಲ್ಲಿ ಸೇಡು ತೀರಿಸಿಕೊಳ್ಳಲು ಕಾದಿದ್ದ ರಾಜನ ಜಾಗದಲ್ಲಿ ಬೊಂಬೆ ಇಟ್ಟು, ಆ ಸೇಡು ತೀರಿತು ಎಂದು ಆ ಮನಸ್ಸನ್ನು ನಂಬಿಸಿ, ಗಂಗಾಳನ್ನು ಗಂಡನಿಗೆ ಹಿಂದಿರುಗಿಸುತ್ತಾನೆ. ದೆವ್ವ ಬಿಡಿಸುವವರ ಬಾಗಿಲಿಗೆ ಹೆಂಗಸರನ್ನು ಎಳೆದೊಯ್ಯುವುದನ್ನು ಕಣ್ಣಾರೆ ಕಂಡ ಊರುಗಳಲ್ಲಿ, ಸಾಹಸಸಿಂಹನೊಬ್ಬ ಹೊಡೆದಾಟಕ್ಕಿಂತ ದೊಡ್ಡದಾಗಿ ಈ ಮಾತನ್ನು ಹೇಳಿದ್ದು ಸಣ್ಣ ಸಂಗತಿಯಲ್ಲ.

ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಮಲಯಾಳಿ ಗೆಳೆಯನ ಮುಂದೆ ಇದನ್ನೆಲ್ಲ ಕೊಚ್ಚಿಕೊಂಡೆ. ಅವನು ಪೂರ್ತಿ ಕೇಳಿಸಿಕೊಂಡು, "ಒಳ್ಳೆ ಸಿನಿಮಾನೇ ಇರಬೇಕು. ನಮ್ಮ ಸಿನಿಮಾ ಅಲ್ವಾ!" ಎಂದ. ಮರುವಾರ 'ಮಣಿಚಿತ್ರತಾಳ್' ಸಿಡಿ ತಂದುಕೊಟ್ಟ. ಫಾಜಿಲ್ ನಿರ್ದೇಶನದ 1993ರ ಸಿನಿಮಾ, ಮಧು ಮುಟ್ಟಂ ಬರೆದದ್ದು. ಗಂಗಾ ಪಾತ್ರಕ್ಕೆ ಶೋಭನಾ ರಾಷ್ಟ್ರಪ್ರಶಸ್ತಿ ಪಡೆದಿದ್ದರು. ಅದರಲ್ಲಿ ಮೋಹನ್‌ಲಾಲ್ ಬರುವ ಹೊತ್ತಿಗೆ ಹೆಚ್ಚುಕಡಿಮೆ ಅರ್ಧ ಸಿನಿಮಾ ಆಗಿಹೋಗಿರುತ್ತದೆ! ನಾಯಕನಿಗಾಗಿ ಅಷ್ಟು ಹೊತ್ತು ಕಾಯಿಸುವ ಧೈರ್ಯ ನಮ್ಮಲ್ಲಿ ಯಾರಿಗಿದೆ ಎಂದು ಅವನು, ಸೌಂದರ್ಯಳ ಮುಗ್ಧತೆ ಶೋಭನಾಗೆ ಎಲ್ಲಿ ಬಂತು ಎಂದು ನಾನು. ಊಟದ ಬಿಡುವಿನಲ್ಲಿ ಈ ವಾದ ತಿಂಗಳುಗಟ್ಟಲೆ ನಡೆಯಿತು. 2005ರಲ್ಲಿ ಈ ಕತೆ ರಜನೀಕಾಂತ್ ಅವರ 'ಚಂದ್ರಮುಖಿ'ಯಾಗಿ ತಮಿಳಿಗೆ ಹೋದಾಗ ನಾವಿಬ್ಬರೂ ಒಂದೇ ಪಕ್ಷವಾಗಿ ತಮಿಳು ಗೆಳೆಯನ ಮೇಲೆ ಬಿದ್ದೆವು. 2007ರಲ್ಲಿ ಹಿಂದಿಯ 'ಭೂಲ್ ಭುಲಯ್ಯಾ' ಬಂದಾಗ ತಮಿಳಿನವನೂ ನಮ್ಮ ಪಕ್ಷಕ್ಕೆ ಬಂದ.

ಒಂದು ವಿಷಯ ಮಾತ್ರ ಆಗಲೇ ಹೊಳೆದಿತ್ತು. ಮಲಯಾಳದ ಮೂಲ ನೋಡಿದ ಮೇಲೂ ನನ್ನ 'ಆಪ್ತಮಿತ್ರ' ಕುಗ್ಗಲಿಲ್ಲ. ಅವನ 'ಮಣಿಚಿತ್ರತಾಳ್' ಕೂಡ ನಮ್ಮಿಂದ ಏನನ್ನೂ ಕಳೆದುಕೊಳ್ಳಲಿಲ್ಲ. ರೀಮೇಕು ಮೂಲವನ್ನು ಮತ್ತೆ ಹೇಳುತ್ತದೆ, ಚೆನ್ನಾಗಿಯೋ ಕೆಟ್ಟದಾಗಿಯೋ. ಮೂಲದ ಕೊನೆ ತಪ್ಪು ಎನ್ನುವುದಿಲ್ಲ.

2009ರ ಡಿಸೆಂಬರ್ 29ಕ್ಕೆ ಗಾಯಕ ಸಿ. ಅಶ್ವಥ್ ಹೋದರು. ಮಾರನೆಯ ಬೆಳಗಿನ ಜಾವ ಮೈಸೂರಿನಲ್ಲಿ ವಿಷ್ಣುವರ್ಧನ್. ಬೆಂಗಳೂರಿನ ನ್ಯಾಷನಲ್ ಕಾಲೇಜು ಮೈದಾನದಲ್ಲಿ ದರ್ಶನಕ್ಕೆ ಇಟ್ಟಿದ್ದರು. ಜನಸಾಗರ, ಕಲ್ಲು ತೂರಾಟ, ಲಾಠಿ. ನಾನು ಬಸವನಗುಡಿಯವರೆಗೆ ನಡೆದುಹೋಗಿ, ಮುಂದೆ ಹೋಗಲಾಗದೆ ವಾಪಸು ಬಂದೆ. ಟಿವಿಯಲ್ಲಿ ಅಭಿಮಾನ್ ಸ್ಟುಡಿಯೋದ ಅಂತ್ಯಸಂಸ್ಕಾರ ನೋಡುತ್ತಾ ಅಪ್ಪ, ಆ ಕಟ್ಟಾ ರಾಜ್ ಅಭಿಮಾನಿ, "ನಮ್ಮೂರ ಹುಡುಗ ಕಣೋ," ಎಂದಷ್ಟೇ ಹೇಳಿ ಎದ್ದುಹೋದರು.

'ಆಪ್ತಮಿತ್ರ'ದ ಎರಡನೆಯ ಭಾಗ 'ಆಪ್ತರಕ್ಷಕ' ಆ ಹೊತ್ತಿಗೆ ಮುಗಿದಿತ್ತು. ಬಿಡುಗಡೆಯಾದದ್ದು 2010ರ ಫೆಬ್ರವರಿಯಲ್ಲಿ. ಮೈಸೂರಿನ ಥಿಯೇಟರಿನ ಮುಂದೆ ಕಟೌಟಿಗೆ ಹಾಲು ಸುರಿಯುತ್ತಿದ್ದವರು, ಕರ್ಪೂರ ಹಚ್ಚುತ್ತಿದ್ದವರು, ಕುಣಿಯುತ್ತಿದ್ದವರು, ಅಳುತ್ತಿದ್ದವರು ಬೇರೆ ಬೇರೆ ಗುಂಪಾಗಿರಲಿಲ್ಲ; ಕುಣಿದವನೇ ಅಳುತ್ತಿದ್ದ. ಒಳಗೆ ವಿಷ್ಣು ಬಂದ ಕೂಡಲೇ ಎದ್ದ ಶಿಳ್ಳೆ ಎಷ್ಟು ಹೊತ್ತಿತ್ತೆಂದರೆ ಮೊದಲ ಮಾತುಗಳು ಯಾರಿಗೂ ಕೇಳಿಸಲಿಲ್ಲ. ಇಂಟರ್‌ವಲ್‌ನಲ್ಲಿ ಕಾಫಿ ಸಾಲಿನಲ್ಲಿ ನಿಂತಿದ್ದ ಹುಡುಗನೊಬ್ಬ, "ಮೊದಲನೇದಕ್ಕಿಂತ ಇದು ಸ್ವಲ್ಪ..." ಎಂದು ಬಾಯಿ ತೆರೆದ. ಪಕ್ಕದಲ್ಲಿದ್ದ ನಡುವಯಸ್ಸಿನ ಆಟೋ ಡ್ರೈವರೊಬ್ಬರು ಅವನ ಹೆಗಲ ಮೇಲೆ ಕೈ ಇಟ್ಟು, "ಅದೆಲ್ಲಾ ಆಮೇಲೆ ಮಾತಾಡೋಣ ಕಂದಾ, ಇವತ್ತು ಬೇಡ," ಎಂದರು. ಹುಡುಗ ಸುಮ್ಮನಾದ. ಅಭಿಮಾನಿಗಳ ನಡುವೆ ಅಂಥ ಒಪ್ಪಂದವನ್ನು ನಾನು ಮತ್ತೆಂದೂ ಕಂಡಿಲ್ಲ.

ಆ 'ಆಮೇಲೆ' ಬರಲು ಐದಾರು ತಿಂಗಳು ಹಿಡಿಯಿತು. ಅಗ್ರಹಾರ ಸರ್ಕಲ್ಲಿನ ಹತ್ತಿರ ನಾವು ಹಳೆಯ ಸ್ನೇಹಿತರು ಸೇರುತ್ತಿದ್ದ ಹೋಟೆಲಿನಲ್ಲಿ ಒಂದು ಭಾನುವಾರ ಯಾರೋ ಮಾತು ತೆಗೆದರು. ತೆಗೆದದ್ದೇ ತಡ, ಅಲ್ಲಿಯವರೆಗೆ ಅದುಮಿಟ್ಟುಕೊಂಡಿದ್ದೆಲ್ಲ ಹೊರಬಂತು. ಆ ದೊಡ್ಡ ಹಾವು ಯಾಕೆ ಬೇಕಿತ್ತು ಎಂದ ಒಬ್ಬ. ಸೌಂದರ್ಯ ಇಲ್ಲದ ನಾಗವಲ್ಲಿ ಎಂಥ ನಾಗವಲ್ಲಿ ಎಂದ ಇನ್ನೊಬ್ಬ. ಮೂರನೆಯವನು ಮೇಜು ಗುದ್ದಿ, ಡಾಕ್ಟರೂ ಅವರೇ, ರಾಜ ವಿಜಯ ರಾಜೇಂದ್ರ ಬಹದ್ದೂರನೂ ಅವರೇ, ವಿಷ್ಣು ಎದುರಿಗೆ ವಿಷ್ಣು ನಿಂತಾಗ ಇನ್ನೇನು ಬೇಕು ನಿಮಗೆ ಎಂದು ಗದರಿದ. ಅವನ ಮಾತಿನಲ್ಲಿ ಸತ್ಯವಿತ್ತು. ಅರವತ್ತರ ಹತ್ತಿರದ ನಟನೊಬ್ಬ ಆ ರಾಜನ ಠೀವಿ, ಕ್ರೌರ್ಯ, ನಗುವನ್ನು ಆ ಮಟ್ಟಕ್ಕೆ ತೆಗೆದುಕೊಂಡು ಹೋದದ್ದು ಮೊದಲ ಭಾಗದಲ್ಲಿ ಇರಲಿಲ್ಲ.

ನನ್ನ ತಕರಾರು ಬೇರೆಯಿತ್ತು. ಹೊಸ ಸಿನಿಮಾದಲ್ಲಿ ನಾಗವಲ್ಲಿಯ ಚಿತ್ರಪಟ ಇನ್ನೊಂದು ಮನೆ ಸೇರುತ್ತದೆ, ಅದರ ಹಿಂದೆಯೇ ಕಷ್ಟಗಳೂ ಬರುತ್ತವೆ. ಕೊನೆಗೆ ನೋಡಿದರೆ ನೂರು ವರ್ಷ ಯಾವಾಗಲೋ ದಾಟಿದ ಆ ರಾಜ ಇನ್ನೂ ಬದುಕಿಯೇ ಇದ್ದಾನೆ! ಸಿನಿಮಾ ನೋಡುವಾಗ ಇದು ಮಜವಾಗಿತ್ತು, ನಾನೂ ಶಿಳ್ಳೆ ಹೊಡೆದಿದ್ದೆ. ಆದರೆ ಅದಾದ ಮೇಲೆ ಮನೆಯಲ್ಲಿ 'ಆಪ್ತಮಿತ್ರ' ಹಾಕಿಕೊಂಡು ಕೂತಾಗ ಏನೋ ಕೆಟ್ಟಿತ್ತು. ಇಲ್ಲಿ ಯಾವ ದೆವ್ವವೂ ಇಲ್ಲ ಎಂದು ಡಾಕ್ಟರ್ ವಿಜಯ್ ಅಷ್ಟು ಗಟ್ಟಿಯಾಗಿ ಹೇಳುವಾಗ, 'ನಿನಗೇನು ಗೊತ್ತು, ರಾಜ ಬದುಕಿದ್ದಾನಲ್ಲ' ಎಂದಿತು ನನ್ನ ಮನಸ್ಸು. ಚಿತ್ರಪಟಕ್ಕೆ ಶಕ್ತಿ ಇದೆ ಎಂದಾದರೆ ಗಂಗಾಳದ್ದು ಬರೀ ಕಾಯಿಲೆಯೇ? ಬೊಂಬೆ ತೋರಿಸಿ ವಾಸಿ ಮಾಡಿದ್ದು ಚಿಕಿತ್ಸೆಯೋ, ಅದೃಷ್ಟವೋ? ಆರು ವರ್ಷ ನಾನು ಎಲ್ಲರ ಮುಂದೆ ಹೊಗಳಿಕೊಂಡು ಬಂದ ಆ ಕೊನೆಗೆ ಎರಡನೆಯ ಭಾಗ ಹಿಂದಿನಿಂದ ಬಂದು ಕೈ ಹಾಕಿತ್ತು.

ಸ್ನೇಹಿತರು ನಕ್ಕರು. "ನೀನು ಸಿನಿಮಾ ನೋಡ್ತೀಯೋ, ಕೋರ್ಟು ನಡೆಸ್ತೀಯೋ?" ಎಂದರು. ನಗಲಿ. ಎರಡನೆಯದು ಮೊದಲನೆಯದರಷ್ಟು ಚೆನ್ನಾಗಿದೆಯೇ ಎಂಬ ಪ್ರಶ್ನೆಗೆ ನನ್ನ ಮಟ್ಟಿಗೆ ಅಂದೇ ಅರ್ಥ ಹೋಯಿತು. ಎರಡನೆಯದು ಬಂದ ಮೇಲೆ ಮೊದಲನೆಯದು ಹೇಗೆ ಕಾಣುತ್ತದೆ ಎಂಬುದೊಂದೇ ಉಳಿಯಿತು. ಆ ಕುಟುಂಬದ ಮುಂದಿನ ಸಿನಿಮಾಗಳನ್ನು ನೋಡಿದರೂ ಇದೇ ಕತೆ. 2022ರ 'ಭೂಲ್ ಭುಲಯ್ಯಾ 2'ರಲ್ಲಿ ದೆವ್ವ ನಿಜವಾಗಿಯೇ ಬಂತು. ಮುಂದಿನ ವರ್ಷದ 'ಚಂದ್ರಮುಖಿ 2' ಕೂಡ ಡಾಕ್ಟರನ ದಾರಿ ಬಿಟ್ಟಿತು. ಕಾಯಿಲೆ ವಾಸಿಯಾದರೆ ಕತೆ ಮುಗಿಯುತ್ತದೆ. ದೆವ್ವವಾದರೆ ಎಷ್ಟು ಸಲ ಬೇಕಾದರೂ ಬರಬಹುದು. ಭಾಗ ಎರಡು ಬೇಕೆಂದರೆ ಡಾಕ್ಟರು ಸೋಲಲೇಬೇಕಿತ್ತು.

ಈ ಅಳತೆಯನ್ನು 'ಮುಂಗಾರು ಮಳೆ'ಗೆ ಹಿಡಿದಾಗ ವಿಚಿತ್ರವಾದ ಉತ್ತರ ಸಿಕ್ಕಿತು. 2006ರ ಡಿಸೆಂಬರ್ ಕೊನೆಯಲ್ಲಿ ಯೋಗರಾಜ್ ಭಟ್ಟರ ಆ ಸಿನಿಮಾ ಬಂದಾಗ ಯಾರೂ ಅದಕ್ಕಾಗಿ ಕಾದಿರಲಿಲ್ಲ. ಮನೋಮೂರ್ತಿ ಅವರ ಹಾಡುಗಳು, ಜಯಂತ ಕಾಯ್ಕಿಣಿಯವರ ಸಾಲುಗಳು, ಜೋಗದ ಅಂಚಿನಲ್ಲಿ ನೆಂದ ಗಣೇಶ್, ದೇವದಾಸ ಎಂಬ ಮೊಲ. ಅಕ್ಕನಂತೂ ಅನಂತ್‌ನಾಗ್ ಇದ್ದ ದೃಶ್ಯಗಳಿಗಾಗಿಯೇ ಮತ್ತೆ ಮತ್ತೆ ಹೋದಳು. ಹತ್ತು ವರ್ಷದ ಮೇಲೆ, 2016ರ ಸೆಪ್ಟೆಂಬರಿನಲ್ಲಿ ಬಂದ 'ಮುಂಗಾರು ಮಳೆ 2'ಕ್ಕೆ ಎಲ್ಲರೂ ಕಾದಿದ್ದೆವು. ನಿರ್ದೇಶಕರು ಶಶಾಂಕ್, ಸಂಗೀತ ಅರ್ಜುನ್ ಜನ್ಯ. ಗಣೇಶ್ ಇದ್ದರು, ಅಪ್ಪನ ಪಾತ್ರದಲ್ಲಿ ರವಿಚಂದ್ರನ್ ಇದ್ದರು. ಮೈಸೂರು ಭಾಗದಲ್ಲಿ ಕಾವೇರಿ ಗಲಾಟೆ ಉರಿಯುತ್ತಿದ್ದ ದಿನಗಳವು. ಬಂದ್, ಕರ್ಫ್ಯೂ ಮಾತುಗಳ ನಡುವೆ ಸಿನಿಮಾದ ಜಗಳಕ್ಕೆ ಯಾರಿಗೂ ಪುರುಸೊತ್ತಿರಲಿಲ್ಲ. ನೋಡಿಬಂದ ಮೇಲೂ ಮನೆಯಲ್ಲಿ ಜಗಳವೇ ಹುಟ್ಟಲಿಲ್ಲ. ಹೊಸ ಹುಡುಗ, ಹೊಸ ಕತೆ. ಹಳೆಯದರ ಹೆಸರು, ಮಳೆ, ಗಣೇಶ್ ಬಿಟ್ಟರೆ ಸಂಬಂಧವಿಲ್ಲ. ಮೊದಲನೆಯದನ್ನು ಮತ್ತೆ ನೋಡಿದೆ. ಒಂದು ಹನಿಯೂ ಹೆಚ್ಚು ಕಡಿಮೆಯಾಗಿರಲಿಲ್ಲ. ಮೂಲಕ್ಕೆ ಯಾವ ಕೇಡನ್ನೂ ಮಾಡದ ಎರಡನೇ ಭಾಗ ಅದು. ನಾವು ಅದನ್ನು ಅಷ್ಟು ಬೇಗ ಮರೆತದ್ದೂ ಅದಕ್ಕೇ ಇರಬೇಕು. ಅಪ್ಪನಿಗೆ ಮಾತ್ರ ಇದು ತಮ್ಮ ವಾದಕ್ಕೆ ಸಿಕ್ಕ ಸಾಕ್ಷಿ: "ನೋಡಿದ್ಯಾ, ಬೇರೆ ಕೇಸು!"

'ಕೆಜಿಎಫ್' ಬಂದಾಗ ನನ್ನ ಲೆಕ್ಕ ಹೆಚ್ಚು ಕೆಲಸಕ್ಕೆ ಬರಲಿಲ್ಲ. ಅದು ಒಂದೇ ಕತೆಯನ್ನು 2018 ಮತ್ತು 2022ರಲ್ಲಿ ಎರಡು ಕಂತಿನಲ್ಲಿ ಹೇಳಿದ್ದು. ಆದರೂ ಜಗಳ ಆಯಿತು, ಅಕ್ಕನ ಕಡೆಯಿಂದ. ಮೊದಲ ಭಾಗದಲ್ಲಿ ನಾಯಕ ರಾಕಿಯ ಕತೆ ಹೇಳುವ ಆನಂದ್ ಇಂಗಳಗಿ ಅನಂತ್‌ನಾಗ್. ಎರಡರಲ್ಲಿ ಅವರಿಲ್ಲ, ಮಗನಾಗಿ ಪ್ರಕಾಶ್ ರಾಜ್ ಕೂತು ಕತೆ ಮುಂದುವರಿಸುತ್ತಾರೆ. "ಕತೆ ಹೇಳೋರೇ ಬದಲಾದ ಮೇಲೆ ಅದು ಅದೇ ಕತೆ ಹೇಗಾಗತ್ತೆ?" ಎಂದಳು ಅಕ್ಕ. ಸಂಜಯ್ ದತ್ ಬಂದರು, ರವೀನಾ ಟಂಡನ್ ಬಂದರು, ದೇಶವೇ ಕನ್ನಡ ಸಿನಿಮಾದ ಕಡೆ ತಿರುಗಿತು. ಅಕ್ಕ ಮಾತ್ರ ಇವತ್ತಿಗೂ ಮೊದಲ ಭಾಗವನ್ನು ನೋಡುವುದಿಲ್ಲ, ಕಣ್ಣು ಮುಚ್ಚಿಕೊಂಡು ಕೇಳುತ್ತಾಳೆ.

ಇನ್ನು ಅಕ್ಕನ ಮಗಳು. ಅವಳು ಪ್ರೈಮರಿ ಶಾಲೆಯಲ್ಲಿದ್ದಾಗ ಟಿವಿಯಲ್ಲಿ ಮೊದಲು ನೋಡಿದ್ದು 'ಆಪ್ತರಕ್ಷಕ'. ಹೆದರಿ, ದಿಂಬು ಕಚ್ಚಿಕೊಂಡು, ಪೂರ್ತಿ ನೋಡಿದಳು. ಒಂದೆರಡು ವರ್ಷ ಬಿಟ್ಟು ನಾನೇ ಕೂರಿಸಿಕೊಂಡು 'ಆಪ್ತಮಿತ್ರ' ತೋರಿಸಿದೆ. ನಾಗವಲ್ಲಿ ಕುಣಿದಾಗ ಅವಳ ಮುಖವನ್ನೇ ನೋಡುತ್ತಿದ್ದೆ. ಮುಗಿದ ಮೇಲೆ, "ಚೆನ್ನಾಗಿದೆ ಮಾವ. ಆದರೆ ರಾಜ ಯಾಕೆ ಇಷ್ಟೇ ಇಷ್ಟು ಬರ್ತಾನೆ?" ಎಂದಳು. ಅವಳಿಗೆ ಎರಡನೆಯದೇ ಮೂಲ. ಮೊದಲನೆಯದು ರಾಜ ಇನ್ನೂ ಸರಿಯಾಗಿ ಕಣ್ಣು ಬಿಡದಿದ್ದಾಗಿನ ಕತೆ.

2025ರ ಅಕ್ಟೋಬರಿನಲ್ಲಿ 'ಕಾಂತಾರ: ಅಧ್ಯಾಯ 1' ಬಂದಾಗ ಅವಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಳು, ಟಿಕೆಟು ಅವಳೇ ತೆಗೆಸಿದ್ದು. 2022ರ 'ಕಾಂತಾರ'ದಲ್ಲಿ ರಿಷಬ್ ಶೆಟ್ಟಿ ತಮ್ಮೂರು ಕೆರಾಡಿಯ ಮಣ್ಣು, ಕಂಬಳ, ಭೂತಕೋಲ, ಕುಂದಾಪ್ರ ಮಾತು ಎಲ್ಲವನ್ನೂ ಒಂದು ಊರಿನ ಜಮೀನಿನ ಜಗಳದೊಳಗೆ ಇಟ್ಟಿದ್ದರು. ಅದರ ನಾಯಕ ಶಿವ ಕಾಡಿನಲ್ಲಿ ಮರೆಯಾದ ಮೇಲೆ ಮುಂದೇನು ಎಂದು ಎಲ್ಲರೂ ಕೇಳುತ್ತಿದ್ದರೆ, ಅವರು ಮುಂದಕ್ಕೆ ಹೋಗದೆ ಕದಂಬರ ಕಾಲಕ್ಕೆ ಹಿಂದೆ ಹೋದರು. ಹೊರಬರುವಾಗ ಮೆಟ್ಟಿಲ ಮೇಲೇ ಎರಡು ಪಕ್ಷ. ಅರಮನೆ, ಯುದ್ಧ, ಗ್ರಾಫಿಕ್ಸ್ ಹೆಚ್ಚಾಯಿತು, ಊರು ಕಾಣೆಯಾಯಿತು ಎನ್ನುವವರು. ಕೊನೆಯ ಅರ್ಧ ಗಂಟೆಗೆ ಕೊಟ್ಟ ದುಡ್ಡು ಬಂತು ಎನ್ನುವವರು. ನಾನು ಬಾಯಿ ಬಿಡಲಿಲ್ಲ. ಆ ವಾರಾಂತ್ಯ ಹಳೆಯ 'ಕಾಂತಾರ' ನೋಡಿದೆ. ಆ ಕಾಡಿನ ದೈವದ ಕಲ್ಲಿನ ಹಿಂದೆ ಒಂದು ಉದ್ದನೆಯ ಕಾಲ ಇದೆ ಎನ್ನಿಸಿತು. ಶಿವನ ಅಪ್ಪ ಕತ್ತಲೊಳಕ್ಕೆ ಓಡಿಹೋಗುವುದು ಒಬ್ಬ ಮನುಷ್ಯನ ಹುಚ್ಚಿನಂತೆ ಕಾಣಲಿಲ್ಲ, ಎಷ್ಟೋ ಹಳೆಯ ಕರೆಗೆ ಓಗೊಟ್ಟಂತೆ ಕಂಡಿತು. ಅಲ್ಲಿ ಹೊಸದು ಹಳೆಯದಕ್ಕೆ ಏನನ್ನೋ ಸೇರಿಸಿತ್ತು. ನನ್ನ ಲೆಕ್ಕದಲ್ಲಿ ಪಾಸು ಎಂದು ಅಕ್ಕನ ಮಗಳಿಗೆ ಫೋನು ಮಾಡಿ ಹೇಳಿದೆ.

"ನಿಮ್ಮ ಲೆಕ್ಕದಲ್ಲಿ ಒಂದು ಮೋಸ ಇದೆ ಮಾವ," ಎಂದಳು. "ಎರಡನೇದು ಇರೋದೇ ಮೊದಲನೇದರ ಊಳಿಗಕ್ಕೆ ಅಂದುಕೊಂಡಿದೀರಿ. ಅದು ತಾನೇ ಒಂದು ಸಿನಿಮಾ ಅಲ್ವಾ? ನಾನು 'ಆಪ್ತರಕ್ಷಕ' ನೋಡಿದಾಗ ಡಾಕ್ಟರು ಸೋತರು ಅಂತ ನನಗನ್ನಿಸಲೇ ಇಲ್ಲ. ಆ ರಾಜನ ಎದುರು ನಿಲ್ಲೋಕೆ ಒಬ್ಬ ಡಾಕ್ಟರ್ ಹೋದನಲ್ಲ, ಎಂಥಾ ಧೈರ್ಯ ಅನ್ನಿಸಿತ್ತು."

ಸುಲಭಕ್ಕೆ ತಳ್ಳಿಹಾಕುವ ಮಾತಲ್ಲ. ಮೊದಲನೆಯದರ ಹೊರೆ ಇಲ್ಲದೆ ಎರಡನೆಯದನ್ನು ನೋಡಿದ ಕಣ್ಣಿಗೆ ಮಾತ್ರ ಅದು ಸಿಗುತ್ತದೆ, ನನಗೆ ಇನ್ನು ಸಿಗುವ ಹಾಗಿಲ್ಲ. ಆದರೂ ನನ್ನ ತೀರ್ಪು ಬದಲಾಗಿಲ್ಲ. ಗಂಗಾಳದ್ದು ಕಾಯಿಲೆಯೇ, ಚಿತ್ರಪಟದಲ್ಲಿ ಏನೂ ಇಲ್ಲ, ಅವಳನ್ನು ವಾಸಿ ಮಾಡಿದ್ದು ಡಾಕ್ಟರ್ ವಿಜಯ್. ನನ್ನ ಪಾಲಿಗೆ 'ಆಪ್ತರಕ್ಷಕ' ನನಗೆ ಬಲು ಇಷ್ಟದ ಪುಸ್ತಕದ ಅಂಚಿನಲ್ಲಿ ಬರೆದ ಟಿಪ್ಪಣಿ. ಬರೆದದ್ದನ್ನು ನಾನು ಒಪ್ಪುವುದಿಲ್ಲ. ಅಕ್ಷರ ವಿಷ್ಣುವರ್ಧನ್ ಅವರದ್ದಾದ್ದರಿಂದ ಅಳಿಸುವುದೂ ಇಲ್ಲ.